ಬೆಲೆ ಒಂದೇ ಇದ್ದರೆ ರೊಕ್ಕ ಒಂದೇ ಅಲ್ಲ

(ಮನ್ನಾಏಖೇಳ್ಳಿಯ ರೈತರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾವು ಸೇರಿದಾಗಲೆಲ್ಲ ಮಾತಾಡುವುದು ಮೂರು ಸಂಗತಿ: ಬೆಳೆ, ಬೆಲೆ, ಸಾಲ. ಇವತ್ತು ನಾನು ನಾಲ್ಕನೆಯದೊಂದರ ಬಗ್ಗೆ ಮಾತಾಡುತ್ತೇನೆ. ಅದು ರೊಕ್ಕ. ತೊಗರಿಗೆ ಎಷ್ಟು ಅಂತ ಕೇಳುತ್ತೇವೆ, ಕಬ್ಬಿಗೆ ಎಷ್ಟು ಅಂತ ಕೇಳುತ್ತೇವೆ. "ಯಾವ ರೊಕ್ಕದಾಗ ಕೊಡ್ತೀರಿ?" ಅಂತ ಮಾತ್ರ ಯಾರೂ ಕೇಳುವುದಿಲ್ಲ. ಕೇಳುವ ಪ್ರಸಂಗವೇ ಬಹಳ ವರ್ಷ ಬಂದಿರಲಿಲ್ಲ. ರೂಪಾಯಿ ಅಂದರೆ ರೂಪಾಯಿ, ಮಾತು ಮುಗೀತು.

ಈಗ ಆ ಪ್ರಸಂಗ ಬಂದಿದೆ. ಹೈದರಾಬಾದಿಗೋ ಪುಣೆಗೋ ಬೆಂಗಳೂರಿಗೋ ಕೆಲಸಕ್ಕೆ ಹೋದ ಹುಡುಗರು ಹಬ್ಬಕ್ಕೆ ಊರಿಗೆ ಬಂದಾಗ ಮೊಬೈಲ್ ತೋರಿಸಿ ಹೇಳುತ್ತಾರೆ: "ಅಪ್ಪಾ, ಇದು ಡಾಲರ್ ಇದ್ದಂಗ. ಬಿಟ್‌ಕಾಯಿನ್ ಹಾಂಗ ಏರೋದಿಲ್ಲ, ಇಳಿಯೋದಿಲ್ಲ. ರೂಪಾಯಿ ಇಟ್ಟರ ಸವೀತದ, ಇದು ಸವಿಯೋದಿಲ್ಲ. ಸೋಯಾ ಮಾರಿದ ರೊಕ್ಕ ಇದರಾಗ ಹಾಕಿಡು." ಇದಕ್ಕೆ ಸ್ಟೇಬಲ್‌ಕಾಯಿನ್ ಅಂತ ಹೆಸರು. ಅಲುಗಾಡದ ನಾಣ್ಯ ಅಂತ ಅರ್ಥ. ಹೆಸರು ಇಟ್ಟವರು ಮಾರುವವರೇ ಅನ್ನುವುದನ್ನು ಮೊದಲು ಗಮನಿಸಿ.

ಹುಡುಗರು ಸುಳ್ಳು ಹೇಳುತ್ತಿಲ್ಲ. ಹೆಚ್ಚಿನ ದಿನಗಳಲ್ಲಿ ಅದರ ಬೆಲೆ ಒಂದು ಡಾಲರಿಗೆ ಸಮನಾಗಿಯೇ ಇರುತ್ತದೆ. ಆದರೆ ಒಂದು ಮಾತನ್ನು ಅವರಿಗೂ ನಿಮಗೂ ಹೇಳಬೇಕಾಗಿದೆ. ಬೆಲೆ ಒಂದೇ ಇದ್ದ ಮಾತ್ರಕ್ಕೆ ರೊಕ್ಕ ಒಂದೇ ಆಗುವುದಿಲ್ಲ. ಈ ಮಾತು ಹೊಸದೂ ಅಲ್ಲ. ನಮ್ಮ ಬೀದರ ಜಿಲ್ಲೆಯ ಮಣ್ಣಿಗೆ ಇದು ಚೆನ್ನಾಗಿ ಗೊತ್ತಿರುವ ಮಾತು.

ಹಾಲಿ ಮತ್ತು ಕಲ್ದಾರ

ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಎರಡು ಶಬ್ದ ಕೇಳಿರಬಹುದು. ಒಂದು ಹಾಲಿ ಸಿಕ್ಕಾ, ಇನ್ನೊಂದು ಕಲ್ದಾರ. ಹಾಲಿ ಅಂದರೆ ಸದ್ಯ ನಡೆಯುವುದು. ಇವತ್ತಿಗೂ ಹಾಲಿ ಶಾಸಕ, ಮಾಜಿ ಶಾಸಕ ಅಂತೀವಲ್ಲ, ಅದೇ ಹಾಲಿ. ಚಾರಮಿನಾರಿನ ಚಿತ್ರವಿದ್ದ ನಿಜಾಮ್ ಸರಕಾರದ ರೂಪಾಯಿ ಅದು. ಉಸ್ಮಾನಿಯಾ ಸಿಕ್ಕಾ ಅಂತಲೂ ಕರೆಯುತ್ತಿದ್ದರು. ಕಲ್ದಾರ ಅಂದರೆ ಯಂತ್ರದಲ್ಲಿ ಒತ್ತಿದ್ದು, ಬ್ರಿಟಿಷ್ ಸರಕಾರದ ರೂಪಾಯಿ. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವ ತನಕ ನಮ್ಮ ಬೀದರ ಹೈದರಾಬಾದ ರಾಜ್ಯದೊಳಗೆ ಇತ್ತು. ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಸೊಲ್ಲಾಪುರಕ್ಕೆ ಹೋದರೆ ಅದು ಬ್ರಿಟಿಷರ ಸೀಮೆ. ಅಲ್ಲಿ ಕಲ್ದಾರ, ಇಲ್ಲಿ ಹಾಲಿ.

ಎರಡಕ್ಕೂ ರೂಪಾಯಿ ಅಂತಲೇ ಹೆಸರು. ಆದರೆ ನೂರು ಕಲ್ದಾರ ಬೇಕಾದರೆ 116 ಹಾಲಿ ರೂಪಾಯಿ, 10 ಆಣೆ, 8 ಪೈ ಕೊಡಬೇಕಾಗಿತ್ತು. ಲೆಕ್ಕ ಸರಳ: ಏಳು ಹಾಲಿಗೆ ಆರು ಕಲ್ದಾರ. ಇದು ಕಟ್ಟಿದ ದರ. ಪೇಟೆಯ ದರ ಅದರ ಆಜುಬಾಜಿನಲ್ಲಿ ಸ್ವಲ್ಪ ಏರುತ್ತಿತ್ತು, ಸ್ವಲ್ಪ ಇಳಿಯುತ್ತಿತ್ತು. ನಡುವೆ ಕೂತ ಸರಾಫನಿಗೆ ಅವನ ಪಾಲು.

ಈ ಏಳಕ್ಕೆ ಆರು ತನ್ನಷ್ಟಕ್ಕೆ ತಾನೇ ನಿಂತಿರಲಿಲ್ಲ. 1918ರಲ್ಲಿ ನಿಜಾಮ್ ಸರಕಾರ ಕಾಗದದ ನೋಟು ತಂದಾಗ ಅದರ ಬೆನ್ನಿಗೆ ಮೀಸಲು ನಿಧಿ ಇಟ್ಟಿತು. ಸರ್ ಅಕ್ಬರ್ ಹೈದರಿ ಹಣಕಾಸು ನೋಡುತ್ತಿದ್ದ ಕಾಲದಲ್ಲಿ, ಉಸ್ಮಾನಿಯಾ ಸಿಕ್ಕಾದ ದರ ಅಲುಗಾಡದಂತೆ ಹಿಡಿದಿಡಲಿಕ್ಕೆಂದೇ ಬೇರೆ ನಿಧಿ ಇತ್ತು. 1941ರಲ್ಲಿ ಹೈದರಾಬಾದ ಸ್ಟೇಟ್ ಬ್ಯಾಂಕು ಹುಟ್ಟಿತು. ಈ ಸಿಕ್ಕಾ ವ್ಯವಹಾರ ನೋಡಿಕೊಳ್ಳುವುದು ಅದರ ಕೆಲಸಗಳಲ್ಲಿ ಒಂದು. ನಾವು ಎಸ್‌ಬಿಎಚ್ ಅನ್ನುತ್ತಿದ್ದ ಬ್ಯಾಂಕು ಅದೇ. 2017ರ ಏಪ್ರಿಲ್ 1ರಂದು ಅದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋಯಿತು.

ಈಗ ರಾಜಕೀಯ ನೋಡಿ. 1947ರ ನವೆಂಬರ್ 29ರಂದು ನಿಜಾಮರು ಭಾರತ ಸರಕಾರದ ಜೊತೆ ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಹಾಕಿದರು. ಅದರ ಬೆನ್ನಿಗೇ ಹೊರಟ ಸುಗ್ರೀವಾಜ್ಞೆ, ಭಾರತದ ರೂಪಾಯಿ ಸಂಸ್ಥಾನದೊಳಗೆ ಕಾನೂನುಬದ್ಧ ಹಣವಲ್ಲ ಎಂದು ಸಾರಿತು. ನಾಣ್ಯದ ಬೆಳ್ಳಿ ಬದಲಾಗಲಿಲ್ಲ, ತೂಕ ಬದಲಾಗಲಿಲ್ಲ. ಯಾರು ತೆಗೆದುಕೊಳ್ಳಲೇಬೇಕು ಅನ್ನುವುದು ಬದಲಾಯಿತು. ಅಷ್ಟಕ್ಕೇ ಕೈಯಲ್ಲಿದ್ದ ರೊಕ್ಕದ ಹಣೆಬರಹ ಬದಲಾಯಿತು.

1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿತು. ಹಾಲಿ ಸಿಕ್ಕಾ ಮಾಜಿ ಸಿಕ್ಕಾ ಆಗುವ ಕಾಲ ಬಂತು. ಆಗ ರೈತನ ಗಡಿಗೆಯಲ್ಲಿದ್ದ ಹಾಲಿ ರೂಪಾಯಿ ಮುಳುಗಿತೇ? ಇಲ್ಲ. 1950ರ ದಶಕದಲ್ಲಿ ಹಂತ ಹಂತವಾಗಿ ಏಳಕ್ಕೆ ಆರರ ಲೆಕ್ಕದಲ್ಲೇ ಅದನ್ನು ಹಿಂದಕ್ಕೆ ಪಡೆದರು. ನಾಣ್ಯ ಹೊರಡಿಸಿದ ಸರಕಾರವೇ ಹೋದರೂ, ಅದರ ಜಾಗಕ್ಕೆ ಬಂದ ಸರಕಾರ ಹಳೆಯದರ ಬಾಕಿಯನ್ನು ಹೊತ್ತುಕೊಂಡಿತು. ಈ ಸಂಗತಿಯನ್ನು ಗಂಟು ಕಟ್ಟಿ ಇಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಅಡತಿ ಅಂಗಡಿಯ ಚೀಟಿ

ಈಗ ಇನ್ನೊಂದು ಗೊತ್ತಿರುವ ಸಂಗತಿಗೆ ಬರೋಣ. ನೀವು ಉದ್ದು ಮಾರಿದಿರಿ. ಅಡತಿ ಅಂಗಡಿಯವನು ನಗದು ಕೊಡದೆ, "ಇಪ್ಪತ್ತು ಸಾವಿರ ಕೊಡತಕ್ಕದ್ದು" ಎಂದು ಚೀಟಿ ಬರೆದುಕೊಟ್ಟ. ಅವನ ಹೆಸರು ಗಟ್ಟಿ ಇದೆ. ಆ ಚೀಟಿಯನ್ನು ಕಿರಾಣಿ ಅಂಗಡಿಯವನೂ ತೆಗೆದುಕೊಳ್ಳುತ್ತಾನೆ, ಗೊಬ್ಬರದ ಅಂಗಡಿಯವನೂ ತೆಗೆದುಕೊಳ್ಳುತ್ತಾನೆ ಅಂತ ಇಟ್ಟುಕೊಳ್ಳಿ. ಚೀಟಿ ಊರೆಲ್ಲ ತಿರುಗುತ್ತದೆ. ಇಪ್ಪತ್ತು ಸಾವಿರದ ಚೀಟಿ ಇಪ್ಪತ್ತು ಸಾವಿರಕ್ಕೇ ನಡೆಯುತ್ತದೆ. ಹಾಗಂತ ಅದು ಸರಕಾರದ ನೋಟು ಆಯಿತೇ? ಇಲ್ಲ. ಅದು ಅವನ ಬಾಕಿ. ಅವನ ತಿಜೋರಿ ತುಂಬಿರುವ ತನಕ ಚೀಟಿ ರೊಕ್ಕ. ತಿಜೋರಿ ಖಾಲಿ ಅಂತ ಸುದ್ದಿ ಹಬ್ಬಿದ ದಿನ ಅದು ರದ್ದಿ.

ಸ್ಟೇಬಲ್‌ಕಾಯಿನ್ ಅಂದರೆ ಇದೇ ಚೀಟಿ. ಕಂಪನಿಯೊಂದು ನಿಮ್ಮಿಂದ ಒಂದು ಡಾಲರ್ ತೆಗೆದುಕೊಂಡು, ಕಂಪ್ಯೂಟರಿನ ಖಾತೆಯಲ್ಲಿ ನಿಮಗೆ ಒಂದು ಚೀಟಿ ಬರೆಯುತ್ತದೆ. ಕೇಳಿದಾಗ ಒಂದು ಡಾಲರ್ ವಾಪಸು ಅನ್ನುವುದು ಅದರ ಮಾತು. ಆ ಖಾತೆಯ ಪ್ರತಿ ಒಂದೇ ಕಡೆ ಇರುವುದಿಲ್ಲ. ಲೋಕದ ಸಾವಿರಾರು ಕಂಪ್ಯೂಟರುಗಳಲ್ಲಿ ಇರುತ್ತದೆ. ಆದ್ದರಿಂದ ಚೀಟಿ ಮಧ್ಯರಾತ್ರಿಯಲ್ಲೂ ದುಬೈಯಿಂದ ಬೀದರಿಗೆ ನಿಮಿಷದಲ್ಲಿ ಬರುತ್ತದೆ. ಟೆದರ್ ಎಂಬುದು 2014ರಲ್ಲಿ ಶುರುವಾಯಿತು. ಯುಎಸ್‌ಡಿಸಿ ಎಂಬುದು 2018ರಲ್ಲಿ ಬಂತು. 2025ರಲ್ಲಿ ಇಂಥ ಎಲ್ಲ ಚೀಟಿಗಳ ಮೊತ್ತ 30,000 ಕೋಟಿ ಡಾಲರ್ ದಾಟಿತು. ಸಣ್ಣ ಆಟ ಅಲ್ಲ ಇದು.

ಹಾಗಾದರೆ ರೂಪಾಯಿ ನೋಟೂ ಒಂದು ಚೀಟಿಯೇ ಅಲ್ಲವೇ ಅಂತ ಕೇಳುವವರು ಕೇಳಬಹುದು. ಸರಿಯಾದ ಪ್ರಶ್ನೆ. ನೂರರ ನೋಟಿನ ಮೇಲೆ ರಿಸರ್ವ್ ಬ್ಯಾಂಕಿನ ಗವರ್ನರ್ ಸಹಿ ಇದೆ, ಹಿಡಿದವನಿಗೆ ಕೊಡುತ್ತೇನೆ ಎಂಬ ವಚನ ಇದೆ. ಅದೂ ಚೀಟಿಯೇ. ಅದಕ್ಕೇ ಚೀಟಿ ಚೀಟಿಗೆ ಇರುವ ಅಂತರ ಹುಡುಕಬೇಕು. ಯಾವ ರೊಕ್ಕ ಬಂದರೂ ನಾಲ್ಕು ಪ್ರಶ್ನೆ ಕೇಳಿ.

ಮೊದಲನೆಯ ಪ್ರಶ್ನೆ: ಚೀಟಿ ಬರೆದವರು ಯಾರು?

ರೂಪಾಯಿ ನೋಟನ್ನು ಬರೆದದ್ದು ರಿಸರ್ವ್ ಬ್ಯಾಂಕು. 1934ರ ರಿಸರ್ವ್ ಬ್ಯಾಂಕ್ ಕಾಯಿದೆಯ 31ನೆಯ ಕಲಮು ನೋಡಿ. ಹಿಡಿದವನು ಕೇಳಿದ ತಕ್ಷಣ ಹಣ ಕೊಡುತ್ತೇನೆ ಎಂಬ ವಚನಪತ್ರವನ್ನು ಭಾರತದಲ್ಲಿ ರಿಸರ್ವ್ ಬ್ಯಾಂಕು ಮತ್ತು ಕೇಂದ್ರ ಸರಕಾರ ಬಿಟ್ಟು ಬೇರೆ ಯಾರೂ ಹೊರಡಿಸುವಂತಿಲ್ಲ. ಸಾವುಕಾರರ ಚೀಟಿಗಳು ಸರಕಾರಿ ನೋಟಿನ ಜಾಗದಲ್ಲಿ ಕೂರಬಾರದು ಎಂಬುದೇ ಈ ಕಲಮಿನ ಉದ್ದೇಶ.

ಫೋನ್‌ಪೇ, ಗೂಗಲ್‌ಪೇಯಲ್ಲಿ ಕಳಿಸುವುದು ಯಾವ ರೊಕ್ಕ? ಅದು ರೂಪಾಯಿಯೇ, ಆದರೆ ನಿಮ್ಮ ಬ್ಯಾಂಕು ನಿಮಗೆ ಕೊಡಬೇಕಾದ ಬಾಕಿ. ಬ್ಯಾಂಕು ಮುಳುಗಿದರೂ 5 ಲಕ್ಷ ರೂಪಾಯಿ ತನಕ ಠೇವಣಿಗೆ ವಿಮೆ ಇದೆ. 2020ರ ಫೆಬ್ರವರಿಯಿಂದ ಈ ಮಿತಿ ನಡೆದಿದೆ. ಡಿಸಿಸಿ ಬ್ಯಾಂಕಿಗೂ ಅದು ಅನ್ವಯಿಸುತ್ತದೆ. ಊರಿನ ಪತ್ತಿನ ಸೊಸೈಟಿಯ ಠೇವಣಿಗೆ ಮಾತ್ರ ಈ ವಿಮೆ ಇಲ್ಲ, ಇದನ್ನೂ ತಿಳಿದಿರಿ. ಇನ್ನು ಇ-ರುಪೀ ಎಂಬುದೊಂದು ಇದೆ. 2022ರ ಡಿಸೆಂಬರ್ 1ರಿಂದ ಜನಸಾಮಾನ್ಯರಿಗಾಗಿ ರಿಸರ್ವ್ ಬ್ಯಾಂಕೇ ಪ್ರಯೋಗಕ್ಕೆ ಬಿಟ್ಟಿರುವ ಮೊಬೈಲಿನ ನೋಟು ಅದು. ಮೊಬೈಲಿನಲ್ಲಿ ಕಾಣುವುದೆಲ್ಲ ಒಂದೇ ಜಾತಿ ಅಂತ ತಿಳಿಯಬೇಡಿ.

ಸ್ಟೇಬಲ್‌ಕಾಯಿನ್ ಬರೆದದ್ದು ಹೊರದೇಶದ ಖಾಸಗಿ ಕಂಪನಿ. ಅದಕ್ಕೆ ನಮ್ಮ ಠೇವಣಿ ವಿಮೆ ಇಲ್ಲ.

ಎರಡನೆಯ ಪ್ರಶ್ನೆ: ಬೆನ್ನಿಗೆ ಏನು ಇಟ್ಟಿದ್ದಾರೆ?

ಇಲ್ಲಿ ಮೂರು ಉದಾಹರಣೆ ಹೇಳುತ್ತೇನೆ. ಮೂರೂ ನಡೆದದ್ದು, ದಾಖಲೆಯಲ್ಲಿರುವುದು.

ಒಂದು, ಟೆದರ್. ಪ್ರತಿ ಚೀಟಿಗೂ ಒಂದು ಡಾಲರ್ ತಿಜೋರಿಯಲ್ಲಿದೆ ಅಂತ ಈ ಕಂಪನಿ ಹೇಳಿಕೊಂಡು ಬಂದಿತ್ತು. ಅಮೆರಿಕದ ಸರಕಾರಿ ನಿಯಂತ್ರಕರು ಲೆಕ್ಕ ತೆಗೆಸಿದರು. 2016ರಿಂದ 2018ರ ನಡುವಿನ 26 ತಿಂಗಳಲ್ಲಿ ಶೇಕಡಾ 27.6ರಷ್ಟು ದಿನಗಳಲ್ಲಿ ಮಾತ್ರ ಸಾಕಷ್ಟು ಹಣ ಖಾತೆಯಲ್ಲಿತ್ತು ಎಂದು ಹೊರಬಿತ್ತು. 2021ರ ಅಕ್ಟೋಬರಿನಲ್ಲಿ 4.1 ಕೋಟಿ ಡಾಲರ್ ದಂಡ ಹಾಕಿದರು. ನಾಲ್ಕು ದಿನಕ್ಕೆ ಒಂದು ದಿನ ಮಾತ್ರ ತಿಜೋರಿ ಸರಿಯಿದ್ದ ಅಡತಿಯವನನ್ನು ನೆನೆಸಿಕೊಳ್ಳಿ. ಆ ದಿನಗಳಲ್ಲೂ ಪೇಟೆಯಲ್ಲಿ ಚೀಟಿ ಹೆಚ್ಚುಕಡಿಮೆ ಪೂರ್ತಿ ಬೆಲೆಗೇ ನಡೆದಿತ್ತು. ಬೆಲೆ ನೋಡಿ ತಿಜೋರಿಯ ಒಳಗೆ ಏನಿದೆ ಅಂತ ಹೇಳಲಿಕ್ಕೆ ಆಗುವುದಿಲ್ಲ.

ಎರಡು, ಟೆರ್ರಾ ಯುಎಸ್‌ಡಿ. ಇದರ ಬೆನ್ನಿಗಿದ್ದ ಮುಖ್ಯ ಆಸರೆ ಡಾಲರ್ ಅಲ್ಲ, ಅದೇ ಜನ ಹುಟ್ಟಿಸಿದ ಲೂನಾ ಎಂಬ ಇನ್ನೊಂದು ನಾಣ್ಯ. ಜಮೀನಿಲ್ಲದ ತಮ್ಮನಿಗೆ ಜಮೀನಿಲ್ಲದ ಅಣ್ಣ ಜಾಮೀನು ನಿಂತ ಹಾಗೆ. 2022ರ ಮೇ ತಿಂಗಳಲ್ಲಿ ಜನ ಒಟ್ಟಿಗೆ ವಾಪಸು ಕೇಳಿದರು. ಕೊಡಲಿಕ್ಕೆ ಲೂನಾವನ್ನು ಹೊಸದಾಗಿ ಹುಟ್ಟಿಸುತ್ತಾ ಹೋದರು. ಹುಟ್ಟಿಸಿದಷ್ಟೂ ಅದರ ಬೆಲೆ ಬಿತ್ತು. ಸುಮಾರು 1,800 ಕೋಟಿ ಡಾಲರಿನ ಅಲುಗಾಡದ ನಾಣ್ಯ ಒಂದೇ ವಾರದಲ್ಲಿ ನೆಲಕ್ಕೆ ಬಿತ್ತು. ಎರಡೂ ಸೇರಿ ಸುಮಾರು 4,000 ಕೋಟಿ ಡಾಲರ್ ಮಾಯವಾಯಿತು.

ಮೂರು, ಯುಎಸ್‌ಡಿಸಿ. ಇದು ಲೆಕ್ಕ ಚೊಕ್ಕ ಇಟ್ಟ ಕಂಪನಿಯದು ಎಂದೇ ಹೆಸರಾಗಿತ್ತು. ಆದರೆ ಅದರ ಮೀಸಲಿನಲ್ಲಿ 330 ಕೋಟಿ ಡಾಲರ್ ಸಿಲಿಕಾನ್ ವ್ಯಾಲಿ ಬ್ಯಾಂಕ್ ಎಂಬ ಬ್ಯಾಂಕಿನಲ್ಲಿತ್ತು. 2023ರ ಮಾರ್ಚ್ 10ರಂದು ಆ ಬ್ಯಾಂಕು ಮುಳುಗಿತು. ಮಾರನೆಯ ದಿನ ನೂರು ಸೆಂಟಿನ ನಾಣ್ಯ 88 ಸೆಂಟಿನ ಆಸುಪಾಸಿಗೆ ಇಳಿಯಿತು. ಆ ಬ್ಯಾಂಕಿನ ಠೇವಣಿಗಳಿಗೆಲ್ಲ ತಾನು ಹೊಣೆ ಎಂದು ಅಮೆರಿಕ ಸರಕಾರ ಹೇಳಿದ ಮೇಲೆ ನಾಣ್ಯ ಮತ್ತೆ ನೂರಕ್ಕೆ ಬಂತು. ಯಾರು ಎತ್ತಿ ನಿಲ್ಲಿಸಿದರು? ಸರಕಾರ. ಸರಕಾರದ ಹಂಗಿಲ್ಲದ ರೊಕ್ಕ ಅಂತ ಮಾರಿದ ಸರಕು, ಕಷ್ಟ ಬಂದಾಗ ಸರಕಾರದ ಹೆಗಲ ಮೇಲೆಯೇ ನಿಂತಿತು.

ಈಗ ಅಲ್ಲಿ ಕಾನೂನು ಬಂದಿದೆ. 2025ರ ಜುಲೈ 18ರಂದು ಅಮೆರಿಕದ ಅಧ್ಯಕ್ಷರು ಸಹಿ ಹಾಕಿದ ಜೀನಿಯಸ್ ಕಾಯಿದೆಯ ಪ್ರಕಾರ ಒಂದು ಚೀಟಿಗೆ ಒಂದು ಡಾಲರ್ ನಗದು ಅಥವಾ ಅಲ್ಪಾವಧಿ ಸರಕಾರಿ ಸಾಲಪತ್ರ ಇಡಬೇಕು, ತಿಂಗಳಿಗೊಮ್ಮೆ ಲೆಕ್ಕ ತೋರಿಸಬೇಕು. ಒಳ್ಳೆಯದೇ. ಆದರೆ ಅದು ಅಮೆರಿಕದ ಕಾನೂನು.

ರೂಪಾಯಿಯ ಬೆನ್ನಿಗೆ? ರಿಸರ್ವ್ ಬ್ಯಾಂಕಿನಲ್ಲಿ ಚಿನ್ನ ಇದೆ, 2025ರ ಮಾರ್ಚಿನಲ್ಲಿ ಸುಮಾರು 880 ಟನ್. ಹೊರದೇಶದ ಸಾಲಪತ್ರಗಳೂ ಇವೆ. ಆದರೆ ನೋಟು ಒಯ್ದು ಚಿನ್ನ ಕೇಳಿದರೆ ಕೊಡುವುದಿಲ್ಲ. ರೂಪಾಯಿಯ ನಿಜವಾದ ಆಸರೆ ಮೂರನೆಯ ಪ್ರಶ್ನೆಯಲ್ಲಿದೆ.

ಮೂರನೆಯ ಪ್ರಶ್ನೆ: ಯಾರು ತೆಗೆದುಕೊಳ್ಳಲೇಬೇಕು?

ರಿಸರ್ವ್ ಬ್ಯಾಂಕ್ ಕಾಯಿದೆಯ 26ನೆಯ ಕಲಮಿನ ಪ್ರಕಾರ ನೋಟು ದೇಶದ ತುಂಬ ಕಾನೂನುಬದ್ಧ ಹಣ. ಕಂದಾಯ ರೂಪಾಯಿಯಲ್ಲಿ. ಸೊಸೈಟಿ ಸಾಲ ರೂಪಾಯಿಯಲ್ಲಿ. ಕೋರ್ಟಿನ ಡಿಕ್ರಿ ರೂಪಾಯಿಯಲ್ಲಿ. ತೊಗರಿಯ ಬೆಂಬಲ ಬೆಲೆ ರೂಪಾಯಿಯಲ್ಲಿ, 2025-26ಕ್ಕೆ ಕ್ವಿಂಟಾಲಿಗೆ 8,000. ಕಬ್ಬಿನ ಎಫ್‌ಆರ್‌ಪಿ ರೂಪಾಯಿಯಲ್ಲಿ, 2025-26ಕ್ಕೆ ಶೇಕಡಾ 10.25 ಇಳುವರಿಗೆ ಕ್ವಿಂಟಾಲಿಗೆ 355. ನೀವು ಬದುಕಿನಲ್ಲಿ ಕೊಡಬೇಕಾದದ್ದು, ನಿಮಗೆ ಬರಬೇಕಾದದ್ದು ಎಲ್ಲವೂ ಈ ರೊಕ್ಕದಲ್ಲಿ ಬರೆದಿದೆ. ಅದೇ ಅದರ ಬಲ.

ಸ್ಟೇಬಲ್‌ಕಾಯಿನ್ ಹಿಡಿದುಕೊಂಡು ಸೊಸೈಟಿ ಕಟ್ಟೆಗೆ ಹೋಗಿ. ಸೆಕ್ರೆಟರಿ ತೆಗೆದುಕೊಳ್ಳುತ್ತಾನೆಯೇ? ತಹಶೀಲ್ದಾರ ಕಚೇರಿಯಲ್ಲಿ? ಮೊದಲು ಅದನ್ನು ಮಾರಬೇಕು, ರೂಪಾಯಿ ಮಾಡಬೇಕು, ಆಮೇಲೆ ಕಟ್ಟಬೇಕು. ಹಾಲಿ ಒಯ್ದು ಕಲ್ದಾರ ಮಾಡಿಸಿದ ಹಾಗೆಯೇ. ನಡುವೆ ಈ ಕಾಲದ ಸರಾಫ ಕೂತಿದ್ದಾನೆ. ಒಂದು ಅಂತರ ಮಾತ್ರ ಇದೆ. ಹಾಲಿ ಸಿಕ್ಕಾದಿಂದ ನಿಜಾಮ್ ಸರಕಾರಕ್ಕೆ ಕಂದಾಯ ಕಟ್ಟಬಹುದಿತ್ತು. ಈ ನಾಣ್ಯದಿಂದ ನಮ್ಮ ಯಾವ ಸರಕಾರಕ್ಕೂ ಏನೂ ಕಟ್ಟಲಿಕ್ಕಾಗುವುದಿಲ್ಲ.

ನಾಲ್ಕನೆಯ ಪ್ರಶ್ನೆ: ಕೊಡದಿದ್ದರೆ ಎಲ್ಲಿಗೆ ಹೋಗಬೇಕು?

ಅಡತಿಯವನು ಕೊಡದಿದ್ದರೆ ಅವನ ಅಂಗಡಿ ಮುಂದೆ ಕೂರಬಹುದು, ಎಪಿಎಂಸಿಗೆ ದೂರು ಕೊಡಬಹುದು. ಸಕ್ಕರೆ ಕಾರಖಾನೆ ಕೊಡದಿದ್ದರೆ 1966ರ ಕಬ್ಬು ನಿಯಂತ್ರಣ ಆದೇಶ ಇದೆ. 14 ದಿನದಲ್ಲಿ ಕೊಡಬೇಕು, ತಡವಾದರೆ ಶೇಕಡಾ 15 ಬಡ್ಡಿ. ಕೊಡಿಸಿಕೊಳ್ಳುವುದು ಎಷ್ಟು ಕಷ್ಟ ಅಂತ ನಿಮಗೆ ಹೇಳಬೇಕಾಗಿಲ್ಲ. ಆದರೆ ಕೇಳಲಿಕ್ಕೆ ಒಂದು ಬಾಗಿಲು ಇದೆ, ಬಾಗಿಲ ಒಳಗೆ ಒಬ್ಬ ಅಧಿಕಾರಿ ಇದ್ದಾನೆ.

ಈ ಕಂಪನಿಗಳ ಬಾಗಿಲು ಎಲ್ಲಿದೆ? ಟೆದರ್ ಕಂಪನಿಯಿಂದ ನೇರವಾಗಿ ಡಾಲರ್ ವಾಪಸು ಪಡೆಯಬೇಕಾದರೆ ಕನಿಷ್ಠ 1 ಲಕ್ಷ ಡಾಲರಿನ ಚೀಟಿ ಇರಬೇಕು ಎಂಬುದು ಅದರ ನಿಯಮ. ಅಂದರೆ 2025ರ ಕೊನೆಯ ದರದಲ್ಲಿ 90 ಲಕ್ಷ ರೂಪಾಯಿಯ ಮಾತು. ಐವತ್ತು ಸಾವಿರದ ಚೀಟಿ ಇದ್ದವನಿಗೆ ಅಲ್ಲಿ ಪ್ರವೇಶವೇ ಇಲ್ಲ. ಅವನು ಪೇಟೆಯಲ್ಲಿ ಇನ್ನೊಬ್ಬನಿಗೆ ಮಾರಿಕೊಳ್ಳಬೇಕು. ಕೊಳ್ಳುವವರು ಇರುವ ತನಕ ಸರಿ. ಎಲ್ಲರೂ ಮಾರಲಿಕ್ಕೆ ನಿಂತ ದಿನ ಏನಾಗುತ್ತದೆ ಅಂತ 2022ರ ಮೇ ತಿಂಗಳು ತೋರಿಸಿದೆ. ಗುಪ್ತ ಸಂಖ್ಯೆ ಕಳೆದರೆ ರೊಕ್ಕ ಹೋಯಿತು. ತಪ್ಪು ವಿಳಾಸಕ್ಕೆ ಹೋದರೆ ವಾಪಸು ಬರುವುದಿಲ್ಲ. ಕಂಪನಿ ಬಯಸಿದರೆ ಯಾವುದೇ ವಿಳಾಸದ ನಾಣ್ಯವನ್ನು ತಡೆಹಿಡಿಯಬಹುದು.

ಗಂಟು ಕಟ್ಟಿ ಇಟ್ಟ ಮಾತನ್ನು ಈಗ ಬಿಚ್ಚಿ. ನಿಜಾಮ್ ಸರಕಾರ ಹೋದ ಮೇಲೂ ಹಾಲಿ ಸಿಕ್ಕಾವನ್ನು ಏಳಕ್ಕೆ ಆರರಂತೆ ತೆಗೆದುಕೊಳ್ಳುವವರು ಇದ್ದರು. ಕಂಪನಿ ಹೋದರೆ ಅದರ ಬಾಕಿ ಹೊತ್ತುಕೊಳ್ಳಲಿಕ್ಕೆ ಮುಂದಿನ ಸರಕಾರ ಅಂತ ಒಂದು ಇರುವುದಿಲ್ಲ. ಎರಡು ರೊಕ್ಕಗಳ ನಡುವಿನ ದೊಡ್ಡ ಅಂತರ ಇದು.

ರೂಪಾಯಿಯ ತಪ್ಪುಗಳು

ಇಷ್ಟು ಹೇಳಿದ ಮೇಲೆ ನಾನು ಸರಕಾರದ ರೊಕ್ಕವನ್ನು ಹೊಗಳಲಿಕ್ಕೆ ನಿಂತಿದ್ದೇನೆ ಅಂತ ತಿಳಿಯಬೇಡಿ. 2016ರ ನವೆಂಬರ್ 8ರ ರಾತ್ರಿ ಏನಾಯಿತು? 500 ಮತ್ತು 1,000ದ ನೋಟು, ಅಂದರೆ ಚಲಾವಣೆಯಲ್ಲಿದ್ದ ಮೊತ್ತದ ಶೇಕಡಾ 86ರಷ್ಟು, ಒಂದು ಭಾಷಣದಲ್ಲಿ ಹೋಯಿತು. ಮುಂಗಾರಿನ ಮಾಲು ಮಾರುವ ಹೊತ್ತು, ಹಿಂಗಾರಿಯ ಬಿತ್ತನೆಯ ಹೊತ್ತು. ರೈತ ಸರದಿಯಲ್ಲಿ ನಿಂತ. ಹೊರಡಿಸುವ ಅಧಿಕಾರ ಇದ್ದವರಿಗೆ ರದ್ದು ಮಾಡುವ ಅಧಿಕಾರವೂ ಇರುತ್ತದೆ.

ರೂಪಾಯಿ ಸವೆಯುವುದೂ ನಿಜ. 1990ರಲ್ಲಿ ಡಾಲರಿಗೆ ಸುಮಾರು 17 ರೂಪಾಯಿ ಇತ್ತು. 2025ರ ಡಿಸೆಂಬರಿನಲ್ಲಿ 90 ದಾಟಿತು. ಹುಡುಗರ ಮಾತಿನಲ್ಲಿ ಹುರುಳಿಲ್ಲ ಅನ್ನಲಿಕ್ಕಾಗುವುದಿಲ್ಲ. ಅರ್ಜೆಂಟೀನಾ, ನೈಜೀರಿಯಾದಂಥ ದೇಶಗಳಲ್ಲಿ ಅಲ್ಲಿಯ ಹಣ ನೀರಾಗಿ ಕರಗಿದಾಗ ಜನ ಇಂಥ ಡಾಲರ್ ಚೀಟಿಯನ್ನೇ ಆಸರೆ ಮಾಡಿಕೊಂಡಿದ್ದಾರೆ. ಅವರಿಗೆ ಅದು ಉಪಕಾರವಾಗಿದೆ.

ಆದರೆ ಒಂದು ಮಾತು ಗಮನಿಸಿ. ಅಲ್ಲೂ ಜನ ಆಸರೆ ಪಡೆದದ್ದು ಕಂಪನಿಯ ಹೆಸರಿನಲ್ಲಲ್ಲ, ಡಾಲರಿನ ಹೆಸರಿನಲ್ಲಿ. ಡಾಲರೂ ಒಂದು ಸರಕಾರದ ಹಣವೇ. ಈ ನಾಣ್ಯಕ್ಕೆ ಸ್ವಂತ ಬೆಲೆ ಇಲ್ಲ. ಸರಕಾರದ ಹಣದ ಬೆಲೆಯನ್ನು ಕೈಗಡ ತಂದು ನಿಂತಿದೆ. ಡಾಲರ್ ಸವೆದರೆ ಅದೂ ಸವೆಯುತ್ತದೆ.

ಸಾಲದ ಲೆಕ್ಕ

ಈಗ ಮುಖ್ಯ ಮಾತಿಗೆ ಬರುತ್ತೇನೆ. ನಮ್ಮ ಸಾಲ ಯಾವ ರೊಕ್ಕದಲ್ಲಿದೆ? ರೂಪಾಯಿಯಲ್ಲಿ.

2 ಲಕ್ಷದ ಬೆಳೆಸಾಲ ಬ್ಯಾಂಕಿನಲ್ಲಿದೆ ಅಂತ ಇಟ್ಟುಕೊಳ್ಳಿ. ಕಿಸಾನ್ ಕಾರ್ಡಿಗೆ ಶೇಕಡಾ 7 ಬಡ್ಡಿ. ಗಡುವಿನೊಳಗೆ ಕಟ್ಟಿದರೆ 3 ಬಿಟ್ಟು 4. ಅಂದರೆ ವರ್ಷಕ್ಕೆ 8,000. ಗಡುವು ತಪ್ಪಿದರೆ ಆ ಶೇಕಡಾ 3ರ ರಿಯಾಯಿತಿ, 6,000 ರೂಪಾಯಿ, ಕೈಬಿಟ್ಟು ಹೋಗುತ್ತದೆ. ಸಹಕಾರಿ ಸಂಘದ ಸಾಲವಾದರೆ ನಮ್ಮ ರಾಜ್ಯದಲ್ಲಿ 2023ರಿಂದ 5 ಲಕ್ಷದ ತನಕ ಬಡ್ಡಿಯೇ ಇಲ್ಲ, ಅದೂ ಗಡುವಿನೊಳಗೆ ಕಟ್ಟಿದವನಿಗೆ.

ಈಗ ಆ 2 ಲಕ್ಷವನ್ನು ಸಾಲಕ್ಕೆ ಕಟ್ಟದೆ ಆರು ತಿಂಗಳು ಸ್ಟೇಬಲ್‌ಕಾಯಿನ್‌ನಲ್ಲಿ ಇಟ್ಟಿರಿ. ಅದಕ್ಕೆ ಬಡ್ಡಿ ಎಷ್ಟು? ಸೊನ್ನೆ. ಅಮೆರಿಕದ ಹೊಸ ಕಾಯಿದೆ ನಾಣ್ಯ ಹೊರಡಿಸುವ ಕಂಪನಿ ಬಡ್ಡಿ ಕೊಡಕೂಡದು ಅಂತಲೇ ಹೇಳಿದೆ. ನಿಮ್ಮ ರೊಕ್ಕವನ್ನು ಕಂಪನಿ ಸುಮ್ಮನೆ ಇಡುತ್ತದೆಯೇ? ಅಮೆರಿಕ ಸರಕಾರಕ್ಕೆ ಸಾಲ ಕೊಡುತ್ತದೆ. 2025ರಲ್ಲಿ ಆ ಸಾಲಪತ್ರಕ್ಕೆ ಸುಮಾರು ಶೇಕಡಾ 4 ಬಡ್ಡಿ. 2 ಲಕ್ಷಕ್ಕೆ ಆರು ತಿಂಗಳಲ್ಲಿ 4,000 ರೂಪಾಯಿ ಕಂಪನಿಯ ಕಿಸೆಗೆ. 2024ರಲ್ಲಿ ಟೆದರ್ ತೋರಿಸಿದ ಲಾಭ 1,300 ಕೋಟಿ ಡಾಲರ್. ಆ ಲಾಭದ ದೊಡ್ಡ ಪಾಲು ಇಂಥ ಬಡ್ಡಿಯಿಂದ ಬಂದದ್ದು. ಬ್ಯಾಂಕಿಗೆ ಬಡ್ಡಿ ಕೊಡುವ ರೈತ, ಹೊರದೇಶದ ಕಂಪನಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟ ಹಾಗಾಯಿತಲ್ಲವೇ?

"ತಿಂಗಳಿಗೆ ಇಷ್ಟು ಬಡ್ಡಿ ಕೊಡ್ತಾರ" ಅಂತ ಯಾರಾದರೂ ಹೇಳಿದರೆ ಇನ್ನೂ ಎಚ್ಚರ. ನಾಣ್ಯದ ಕಂಪನಿ ಬಡ್ಡಿ ಕೊಡುವುದಿಲ್ಲ. ಕೊಡುತ್ತೇನೆ ಅನ್ನುವವನು ನಡುವಿನವನು. ನಿಮ್ಮ ರೊಕ್ಕವನ್ನು ಮತ್ತೆಲ್ಲೋ ಹಾಕುವವನು, ಇಲ್ಲವೇ ನಾಳೆ ಓಡಿಹೋಗುವವನು.

ತೆರಿಗೆಯ ಲೆಕ್ಕವೂ ಇದೆ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ ಅಂತ ನಾವು ನಿಶ್ಚಿಂತೆಯಿಂದ ಇದ್ದೇವೆ. ಸೋಯಾ ಮಾರಿದ ರೊಕ್ಕ ಕೃಷಿ ಆದಾಯ. ಆ ರೊಕ್ಕದಿಂದ ಕೊಂಡ ನಾಣ್ಯ ಮಾರಿದಾಗ ಬಂದ ಲಾಭ ಕೃಷಿ ಆದಾಯ ಅಲ್ಲ. 2022ರ ಏಪ್ರಿಲ್ 1ರಿಂದ ಅದಕ್ಕೆ ಶೇಕಡಾ 30 ತೆರಿಗೆ, ಮೇಲೆ ಸೆಸ್. ಡಾಲರ್ ಏರಿದ್ದರಿಂದ ಬಂದ ಲಾಭವೂ ಇದರಲ್ಲೇ ಬರುತ್ತದೆ. ಒಂದರಲ್ಲಿ ನಷ್ಟವಾದರೆ ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಮಿತಿ ಮೀರಿದ ಮಾರಾಟಕ್ಕೆ ಅದೇ ವರ್ಷದ ಜುಲೈ 1ರಿಂದ ಶೇಕಡಾ 1 ಮೊದಲೇ ಮುರಿದುಕೊಳ್ಳುತ್ತಾರೆ. ಲಾಭಕ್ಕೆ ಸರಕಾರ ಪಾಲುದಾರ, ನಷ್ಟಕ್ಕೆ ನೀವೊಬ್ಬರೇ.

ಕೊಲ್ಲಿಯಿಂದ ಬರುವ ರೊಕ್ಕ

ನಮ್ಮ ಭಾಗದ ಅನೇಕ ಮನೆಗಳ ಮಕ್ಕಳು ಕೊಲ್ಲಿ ದೇಶಗಳಲ್ಲಿ ದುಡಿಯುತ್ತಾರೆ. ಒಂದು ದೇಶದಿಂದ ಇನ್ನೊಂದಕ್ಕೆ 200 ಡಾಲರ್ ಕಳಿಸಲು ಲೋಕದ ಸರಾಸರಿ ಖರ್ಚು ಶೇಕಡಾ 6ಕ್ಕಿಂತ ಹೆಚ್ಚು ಅಂತ ವಿಶ್ವಬ್ಯಾಂಕಿನ ಲೆಕ್ಕ ಹೇಳುತ್ತದೆ. ಸ್ಟೇಬಲ್‌ಕಾಯಿನ್ ಇಲ್ಲಿ ನಿಜವಾಗಿ ವೇಗ, ಅಗ್ಗ. ಇದು ಅದರ ಒಳ್ಳೆಯ ಗುಣ, ಒಪ್ಪಿಕೊಳ್ಳಬೇಕು.

ತೊಡಕು ಇರುವುದು ಈ ತುದಿಯಲ್ಲಿ. ಬಂದ ನಾಣ್ಯವನ್ನು ರೂಪಾಯಿ ಮಾಡಬೇಕಲ್ಲ? ಗುರುತಿಲ್ಲದವನಿಗೆ ಮಾರಿದಿರಿ, ಅವನು ನಿಮ್ಮ ಖಾತೆಗೆ ಹಣ ಹಾಕಿದ. ಆ ಹಣ ಯಾರಿಗೋ ಮೋಸ ಮಾಡಿ ತಂದದ್ದಾಗಿದ್ದರೆ ಪೊಲೀಸರು ಹಿಡಿಯುವುದು ನಿಮ್ಮ ಖಾತೆಯನ್ನು. ಬೆಂಬಲ ಬೆಲೆಯ ಹಣ, ಬೆಳೆವಿಮೆಯ ಹಣ ಬರುವುದೂ ಅದೇ ಖಾತೆಗೆ. ಎಲ್ಲವೂ ನಿಂತುಹೋಗುತ್ತದೆ. ಆದ್ದರಿಂದ ಮಗನಿಗೆ ಹೇಳಿ: ನಾಲ್ಕು ರೂಪಾಯಿ ಹೆಚ್ಚು ಹೋದರೂ ಬ್ಯಾಂಕಿನ ಮೂಲಕ, ಪರವಾನಿಗೆ ಇದ್ದ ವಿನಿಮಯ ಸಂಸ್ಥೆಯ ಮೂಲಕ ಕಳಿಸು.

ಏನು ಮಾಡಬೇಕು?

ಬಂಧುಗಳೇ, ಐದು ಮಾತು ಹೇಳಿ ಮುಗಿಸುತ್ತೇನೆ.

ಒಂದು. ಮಾಲಿನ ಹಣ ರೂಪಾಯಿಯಲ್ಲೇ, ನಿಮ್ಮ ಹೆಸರಿನ ಖಾತೆಗೇ ಬರಬೇಕು. ನಾಳೆ ಯಾವ ವ್ಯಾಪಾರಿಯಾದರೂ "ಡಿಜಿಟಲ್ ಡಾಲರ್ ಕೊಡ್ತೀನಿ, ಎರಡು ಪೈಸೆ ಹೆಚ್ಚು ಕೊಡ್ತೀನಿ" ಅಂದರೆ ಒಪ್ಪಬೇಡಿ.

ಎರಡು. ಸಾಲ ತೀರುವ ತನಕ, ಬೀಜ ಗೊಬ್ಬರದ ಹಣ ತೆಗೆದಿಡುವ ತನಕ, ಒಂದು ರೂಪಾಯಿಯನ್ನೂ ಇಂಥದ್ದರಲ್ಲಿ ಹಾಕಬೇಡಿ.

ಮೂರು. ಮನೆಯ ಹುಡುಗರು ಹಾಕಿದ್ದರೆ ಬೈಯಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕು ಪ್ರಶ್ನೆ ಕೇಳಿ. ಚೀಟಿ ಯಾರದು? ಬೆನ್ನಿಗೆ ಏನಿದೆ? ಯಾರು ತೆಗೆದುಕೊಳ್ಳಲೇಬೇಕು? ಕೊಡದಿದ್ದರೆ ಯಾವ ಬಾಗಿಲು? ಉತ್ತರ ಕೊಡುವಾಗ ಅವರಿಗೇ ಅರ್ಥವಾಗುತ್ತದೆ.

ನಾಲ್ಕು. ಮೋಸ ಆಗಿದ್ದರೆ ನಾಚಿಕೆಪಟ್ಟು ಮುಚ್ಚಿಡಬೇಡಿ. 1930 ಎಂಬ ಸಂಖ್ಯೆಗೆ ಕೂಡಲೇ ಫೋನ್ ಮಾಡಿ. ಎಷ್ಟು ಬೇಗ ಮಾಡಿದರೆ ಅಷ್ಟು ಆಸೆ.

ಐದು. ರೂಪಾಯಿ ಸವೆಯುತ್ತಿದೆ ಅನ್ನುವ ಸಿಟ್ಟು ನ್ಯಾಯವಾದದ್ದು. ಆ ಸಿಟ್ಟನ್ನು ಮೊಬೈಲಿನಲ್ಲಿ ಇಟ್ಟು ಮಲಗಬೇಡಿ. ಡೀಸೆಲ್ ಏರಿದಂತೆ, ಗೊಬ್ಬರ ಏರಿದಂತೆ, ಕೂಲಿ ಏರಿದಂತೆ ನಮ್ಮ ಮಾಲಿನ ಬೆಲೆಯೂ ಏರಬೇಕು ಅಂತ ಕೇಳಬೇಕಾದ್ದು ಸರಕಾರವನ್ನು. ರೂಪಾಯಿ ಹೊರಡಿಸುವವರನ್ನು ನಾವು ಓಟಿನಲ್ಲಿ ಕೇಳಬಹುದು, ಕಚೇರಿಯ ಮುಂದೆ ಕೂತು ಕೇಳಬಹುದು, ಕೋರ್ಟಿನಲ್ಲಿ ಕೇಳಬಹುದು. ಆ ಕಂಪನಿಯವರನ್ನು ಕೇಳಲಿಕ್ಕೆ ನಮಗೆ ಓಟೂ ಇಲ್ಲ, ಕಚೇರಿಯೂ ಇಲ್ಲ.

ಮುಂದಿನ ಸಲ ಗಂಜಿಗೆ ಹೋದಾಗ ತೊಗರಿಗೆ ಎಷ್ಟು ಅಂತ ಕೇಳಿರಿ. ಅದರ ಜೊತೆಗೆ, ಯಾವ ರೊಕ್ಕ, ಯಾವ ದಿನ, ಯಾವ ಖಾತೆಗೆ ಅಂತಲೂ ಕೇಳ್ರಿ.